ಸೋದರಮಾವನ ಪರೀಕ್ಷೆ: ‘ಹೆಲೆನ್ಸ್ ಬೇಬೀಸ್’ ಎಂಬ ಮೂಕಚಿತ್ರದ ವಿಚಾರ

ಪುಸ್ತಕವನ್ನೋದಿ ಈಜು ಕಲಿತವನು ನೀರಿಗಿಳಿಯುವವರೆಗೆ ದೊಡ್ಡ ಈಜುಗಾರನೇ ಸರಿ. ಅಡಿಗೆಯ ಪುಸ್ತಕವನ್ನು ಬಾಯಿಪಾಠ ಮಾಡಿದವನಿಗೆ ಉಪ್ಪಿನ ಹದವೆಂದರೇನೆಂದು ತಿಳಿಯುವುದು ಒಲೆಯ ಮುಂದೆ ನಿಂತ ಮೇಲೆಯೇ. ಹೀಗೆ ಬರಿಯ ಓದಿನಿಂದ ಕೈಹತ್ತದ ವಿದ್ಯೆಗಳು ಪ್ರಪಂಚದಲ್ಲಿ ಎಷ್ಟೋ ಇವೆ. ಅವುಗಳಲ್ಲೆಲ್ಲ ಅತ್ಯಂತ ಹಳೆಯದೂ ಅತ್ಯಂತ ಕಷ್ಟವಾದುದೂ ಯಾವುದೆಂದು ಯಾರಾದರೂ ಕೇಳಿದರೆ, ಮಕ್ಕಳನ್ನು ನೋಡಿಕೊಳ್ಳುವ ವಿದ್ಯೆ ಎಂದು ನಾನು ಧೈರ್ಯವಾಗಿ ಉತ್ತರ ಕೊಡಬಲ್ಲೆ.

ಈ ಧೈರ್ಯ ನನಗೆ ಬಂದುದು ಕಳೆದ ಬೇಸಿಗೆಯ ರಜೆಯಲ್ಲಿ. ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿರುವ ನಾನು ಬಾಲಮನೋವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದೆ. “ನೀನು ಓದಿರೋದೇ ಇದನ್ನಲ್ಲವೇನೋ, ಒಂದು ದಿನ ನೋಡಿಕೋ” ಎಂದು ಅಕ್ಕ ತನ್ನ ಇಬ್ಬರು ಮಕ್ಕಳನ್ನು ನನ್ನ ವಶಕ್ಕೊಪ್ಪಿಸಿ, ಭಾವನೊಡನೆ ಮದುವೆಯೊಂದಕ್ಕೆ ಹೊರಟುಹೋದಳು. ಸಂಜೆ ಅವರು ಹಿಂದಿರುಗುವ ವೇಳೆಗೆ ಬಾಲಮನೋವಿಜ್ಞಾನದ ನನ್ನ ಟಿಪ್ಪಣಿಗಳೆಲ್ಲ ಕಾಗದದ ದೋಣಿಗಳಾಗಿ ಬಚ್ಚಲಮನೆಯ ತೊಟ್ಟಿಯಲ್ಲಿ ತೇಲುತ್ತಿದ್ದುವು. ಅಕ್ಕ ನಕ್ಕಳು; ನನಗೆ ನಗು ಬರಲಿಲ್ಲ. ಕೆಲವು ದಿನಗಳಾದ ಮೇಲೆ ಕಂಪ್ಯೂಟರಿನಲ್ಲಿ ಹಳೆಯದೊಂದು ಮೂಕಚಿತ್ರವನ್ನು ನೋಡುತ್ತಿದ್ದಾಗ ಮಾತ್ರ ಆ ದಿನ ಬಾರದ ನಗುವೆಲ್ಲ ಒಮ್ಮೆಗೇ ಬಂದಿತು. ಆ ಚಿತ್ರದ ನಾಯಕನೂ ಓದಿದವನು, ಅವನೂ ಸೋದರಮಾವ, ಅವನ ಗತಿಯೂ ನನ್ನ ಗತಿಯೇ! 1924ರಲ್ಲಿ ಅಮೆರಿಕಾದಲ್ಲಿ ತಯಾರಾದ ಆ ಚಿತ್ರದ ಹೆಸರು ‘ಹೆಲೆನ್ಸ್ ಬೇಬೀಸ್’, ಎಂದರೆ ಹೆಲೆನಳ ಮಕ್ಕಳು. ನಕ್ಕು ಮುಗಿದ ಮೇಲೆ ಅದರ ಚರಿತ್ರೆಯನ್ನು ಅಲ್ಲಿ ಇಲ್ಲಿ ಹುಡುಕಿ ಓದಿದೆ. ಓದುತ್ತ ಹೋದಂತೆ ಈ ನಗುವಿನ ಹಿಂದೆ ಇನ್ನೊಂದು ಕಥೆಯಿರುವುದು ಕಂಡಿತು. ಆ ಎರಡನ್ನೂ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಮೂಕಚಿತ್ರದ ಸ್ವರೂಪವನ್ನು ಕುರಿತು ಎರಡು ಮಾತು. 1895ನೆಯ ಇಸವಿ ಡಿಸೆಂಬರ್ 28ರಂದು ಪ್ಯಾರಿಸ್ ನಗರದ ಹೋಟೆಲೊಂದರ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಹತ್ತು ಪುಟ್ಟ ಚಿತ್ರಗಳನ್ನು ತೋರಿಸಿದರು. ಒಂದೊಂದೂ ಒಂದು ನಿಮಿಷದ ಆಸುಪಾಸಿನದು. ಅವುಗಳಲ್ಲಿ ಒಂದರಲ್ಲಿ ತಂದೆತಾಯಿಗಳು ಮೇಜಿನ ಬಳಿ ಕುಳಿತು ತಮ್ಮ ಕೂಸಿಗೆ ಉಣ್ಣಿಸುತ್ತಾರೆ. ಇನ್ನೊಂದರಲ್ಲಿ ತುಂಟ ಹುಡುಗನೊಬ್ಬ ತೋಟಗಾರನ ನೀರಿನ ಕೊಳವೆಯನ್ನು ಹಿಂದಿನಿಂದ ತುಳಿದು ನಿಲ್ಲುತ್ತಾನೆ. ನೀರೇಕೆ ನಿಂತಿತೆಂದು ತೋಟಗಾರ ಕೊಳವೆಯ ಬಾಯನ್ನು ಇಣಿಕಿ ನೋಡುವಾಗ ಹುಡುಗ ಕಾಲು ತೆಗೆಯುತ್ತಾನೆ. ನೀರೆಲ್ಲ ತೋಟಗಾರನ ಮುಖಕ್ಕೆ! ಮಕ್ಕಳನ್ನು ಪೋಷಿಸುವ ದೊಡ್ಡವರೂ, ದೊಡ್ಡವರನ್ನು ಗೋಳುಹೊಯ್ದುಕೊಳ್ಳುವ ಮಕ್ಕಳೂ ಹೀಗೆ ಬೆಳ್ಳಿತೆರೆಯ ಮೇಲೆ ಮೊದಲ ದಿನವೇ ಕಾಣಿಸಿಕೊಂಡರು. ಮುಂದೆ ಬಂದ ಕುಟುಂಬ ಹಾಸ್ಯಚಿತ್ರಗಳೆಲ್ಲ ಈ ಎರಡು ಎಳೆಗಳನ್ನು ಸೇರಿಸಿ ಹೊಸೆದ ಹಗ್ಗವೆಂದರೆ ತಪ್ಪಾಗಲಾರದು.

ಮೂಕಚಿತ್ರವೆಂದ ಮಾತ್ರಕ್ಕೆ ಚಿತ್ರಮಂದಿರದಲ್ಲಿ ಸದ್ದೇ ಇರಲಿಲ್ಲವೆಂದು ಭಾವಿಸಬಾರದು. ತೆರೆಯ ಬಳಿ ಪಿಯಾನೋ ನುಡಿಸುವವರೊಬ್ಬರು ಇರುತ್ತಿದ್ದರು. ದೊಡ್ಡ ನಗರಗಳಲ್ಲಿ ಪೂರ್ಣ ವಾದ್ಯವೃಂದವೇ ಇರುತ್ತಿತ್ತು. ಇಲ್ಲದಿದ್ದುದು ಪಾತ್ರಗಳ ದನಿ ಮಾತ್ರ. ಮಾತು ಬೇಕೇಬೇಕಾದ ಕಡೆ ಬರಹದ ಫಲಕವೊಂದು ತೆರೆಯ ಮೇಲೆ ಬಂದು ಹೋಗುತ್ತಿತ್ತು. ಆ ಫಲಕಗಳನ್ನು ಬೇರೊಂದು ಭಾಷೆಯಲ್ಲಿ ಬರೆದು ಸೇರಿಸಿದರೆ ಚಿತ್ರ ಬೇರೆ ದೇಶಕ್ಕೂ ಸಲ್ಲುತ್ತಿತ್ತು. ಆದರೆ ಫಲಕಗಳು ಮಿತಿಮೀರಿದರೆ ಪ್ರೇಕ್ಷಕ ಚಿತ್ರ ನೋಡುವುದನ್ನು ಬಿಟ್ಟು ಪುಸ್ತಕ ಓದಬೇಕಾಗುತ್ತದಷ್ಟೆ. ಆದಕಾರಣ ಕಥೆಯ ಭಾರವೆಲ್ಲ ನಟರ ಮುಖ, ಕೈ, ನಡಿಗೆಗಳ ಮೇಲೆಯೇ ಬೀಳುತ್ತಿತ್ತು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಕಥೆಗೆ ಬರೋಣ.

‘ಹೆಲೆನ್ಸ್ ಬೇಬೀಸ್’ ಮೊದಲು ಒಂದು ಕಾದಂಬರಿ. ಅದನ್ನು ಬರೆದವನು ಜಾನ್ ಹ್ಯಾಬರ್ಟನ್ ಎಂಬ ಅಮೆರಿಕಾದ ಲೇಖಕ. 1876ರಲ್ಲಿ ಬಾಸ್ಟನ್ ನಗರದಿಂದ ಅದು ಹೊರಬಂದಾಗ ಪುಸ್ತಕದ ಮೇಲೆ ಅವನ ಹೆಸರಿರಲಿಲ್ಲ. ಆ ಮಕ್ಕಳ ಕೈಗೆ ಸಿಕ್ಕಿ ನೊಂದ ಬಡಪಾಯಿಯೊಬ್ಬ ಬರೆದುದೆಂಬಂತೆ ಅದು ಪ್ರಕಟವಾಯಿತು. ಕಥೆ ಬಹು ಸರಳವಾದುದು. ಹ್ಯಾರಿ ಬರ್ಟನ್ ಎಂಬ ಇಪ್ಪತ್ತೆಂಟು ವರ್ಷದ ಅವಿವಾಹಿತ ನ್ಯೂಯಾರ್ಕಿನಲ್ಲಿ ಬಟ್ಟೆಯ ವ್ಯಾಪಾರದಲ್ಲಿ ಕೆಲಸ ಮಾಡುವವನು. ರಜೆಯಲ್ಲಿ ನಿಶ್ಚಿಂತೆಯಿಂದ ಪುಸ್ತಕ ಓದಿಕೊಂಡಿರಬೇಕೆಂದು ಅವನ ಆಸೆ. ಅಷ್ಟರಲ್ಲಿ ಅವನ ಸೋದರಿ ಹೆಲೆನ್, ತಾನೂ ಗಂಡನೂ ಊರಿಗೆ ಹೋಗಿ ಬರುವವರೆಗೆ ತನ್ನ ಮನೆಯಲ್ಲಿದ್ದು ಮಕ್ಕಳ ಕಡೆ ಒಂದು ಕಣ್ಣಿಟ್ಟಿರುವಂತೆ ಕೇಳಿಕೊಳ್ಳುತ್ತಾಳೆ. ಮಕ್ಕಳು ಇಬ್ಬರು: ಐದು ವರ್ಷದ ಬಜ್, ಮೂರು ವರ್ಷದ ಟಾಡಿ. ಮುಂದಿನ ಹತ್ತು ದಿನಗಳ ವೃತ್ತಾಂತವೇ ಕಾದಂಬರಿ.

ಆ ಹತ್ತು ದಿನಗಳಲ್ಲಿ ಮಾವನಿಗೆ ಒದಗಿದ ಸಂಕಟಗಳನ್ನು ಎಣಿಸುವುದು ಕಷ್ಟ. ಅವನ ಗಡಿಯಾರವನ್ನು ಕಂಡೊಡನೆ ಅದರೊಳಗೆ ಚಕ್ರಗಳು ತಿರುಗುವುದನ್ನು ತೋರಿಸೆಂದು ಇಬ್ಬರದೂ ಹಟ. ಅವನ ಪೆಟ್ಟಿಗೆಯನ್ನು ಬಿಚ್ಚಿ ಒಳಗಿದ್ದುದನ್ನೆಲ್ಲ ಹೊರಗೆ ಹರಡುವುದು ಅವರಿಗೊಂದು ಆಟ. ಬೈಬಲ್ಲಿನ ಕಥೆ ಹೇಳಹೊರಟರೆ, ಅವರಿಗೆ ಮೊದಲೇ ತಿಳಿದ ಕಥೆಯನ್ನು ಮಾವ ಒಂದಿಷ್ಟು ಬದಲಿಸಿ ಹೇಳಿದರೂ ತಿದ್ದುತ್ತಾರೆ. ಹ್ಯಾರಿಗೆ ಆಲಿಸ್ ಮೇಟನ್ ಎಂಬ ಯುವತಿಯಲ್ಲಿ ಅನುರಾಗ. ಅವಳಿಗೆಂದು ಹೂಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರೆ, ಅವಳು ಮುಚ್ಚಳ ತೆರೆದಾಗ ಕಂಡುದು ಟಾಡಿಯ ಹರಕು ಬೊಂಬೆ! ಕಡೆಗೆ, ಬಾಯಿಬಿಟ್ಟು ಹೇಳಲು ಹ್ಯಾರಿ ಹಿಂಜರಿಯುತ್ತಿದ್ದ ಪ್ರೇಮವನ್ನು ಬಜ್ ಸಹಜವಾಗಿ ಒದರಿಬಿಡುತ್ತಾನೆ. ಅದರಿಂದಲೇ ಮದುವೆಯ ನಿಶ್ಚಯವೂ ಆಗುತ್ತದೆ.

ಪುಸ್ತಕ ಬಹಳವಾಗಿ ಮಾರಾಟವಾಯಿತು. ಮರುವರ್ಷವೇ, 1877ರಲ್ಲಿ, ಹ್ಯಾಬರ್ಟನ್ ಇದರ ಮುಂದಿನ ಭಾಗವನ್ನು ಬರೆದನು. ಅದರಲ್ಲಿ ಹ್ಯಾರಿಯ ಹೆಂಡತಿಯಾದ ಆಲಿಸ್, ಸರಿಯಾದ ತತ್ತ್ವಗಳನ್ನು ಅನುಸರಿಸಿದರೆ ಈ ಮಕ್ಕಳನ್ನು ತಿದ್ದುವುದು ಸುಲಭವೆಂದು ನಂಬಿ ತಾನು ಕೈಹಾಕಿ ಸೋಲುತ್ತಾಳೆ. ಎಪ್ಪತ್ತು ವರ್ಷಗಳ ಮೇಲೆ, 1946ರಲ್ಲಿ, ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ ಬಾಲ್ಯದಲ್ಲಿ ಓದಿದ ಅಮೆರಿಕಾದ ಪುಸ್ತಕಗಳನ್ನು ನೆನೆದು ಬರೆದ ಪ್ರಬಂಧದಲ್ಲಿ ಈ ಪುಸ್ತಕವನ್ನೂ ಪ್ರೀತಿಯಿಂದ ಸ್ಮರಿಸಿದನು.

ಇನ್ನು ಚಲಚ್ಚಿತ್ರಕ್ಕೆ ಬರೋಣ. 1924ರ ಚಿತ್ರವನ್ನು ನಿರ್ದೇಶಿಸಿದವನು ವಿಲಿಯಂ ಸೈಟರ್. ಹ್ಯಾರಿಯ ಪಾತ್ರದಲ್ಲಿ ಎಡ್ವರ್ಡ್ ಎವೆರೆಟ್ ಹಾರ್ಟನ್. ಆಲಿಸಳ ಪಾತ್ರದಲ್ಲಿ ಆಗಿನ್ನೂ ಹತ್ತೊಂಬತ್ತರ ಹರೆಯದ, ಮೂರು ವರ್ಷಗಳಲ್ಲಿ ಅಮೆರಿಕಾಕ್ಕೆಲ್ಲ ಮನೆಮಾತಾಗಲಿದ್ದ ಕ್ಲಾರಾ ಬೋ. ಕಾದಂಬರಿಯನ್ನು ತೆರೆಗೆ ತರುವಾಗ ಎರಡು ಮುಖ್ಯವಾದ ಮಾರ್ಪಾಟುಗಳನ್ನು ಮಾಡಲಾಯಿತು. ಮೊದಲನೆಯದು, ಗಂಡುಮಕ್ಕಳಿಬ್ಬರು ಹೆಣ್ಣುಮಕ್ಕಳಾದರು. ಇದಕ್ಕೆ ಕಾರಣ ಸ್ಪಷ್ಟವಾಗಿದೆ: ಟಾಡಿಯ ಪಾತ್ರಕ್ಕೆ ಆರಿಸಿದ್ದುದು ಆಗ ಅಮೆರಿಕಾದ ಅತ್ಯಂತ ಪ್ರಸಿದ್ಧ ಬಾಲನಟಿಯರಲ್ಲೊಬ್ಬಳಾದ ‘ಬೇಬಿ ಪೆಗ್ಗಿ’ಯನ್ನು. ಎರಡನೆಯ ಮಾರ್ಪಾಟು ಇನ್ನೂ ಸ್ವಾರಸ್ಯವಾದುದು. ಬಟ್ಟೆ ಮಾರುತ್ತಿದ್ದ ಹ್ಯಾರಿ ಇಲ್ಲಿ ಗ್ರಂಥಕರ್ತನಾಗಿದ್ದಾನೆ. ಅವನು ಬರೆದಿರುವುದು ಮಕ್ಕಳನ್ನು ಬೆಳೆಸುವ ಕ್ರಮವನ್ನು ಕುರಿತು! ಮಕ್ಕಳ ಸಹವಾಸವನ್ನೇ ಕಾಣದ ಮಕ್ಕಳ ಪಂಡಿತ ಅವನು.

ಈ ಎರಡನೆಯ ಮಾರ್ಪಾಟು ಬರಿಯ ನಗಿಸುವ ಉಪಾಯವಲ್ಲವೆಂಬುದು ಆ ಕಾಲದ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ. 1876ರ ತಾಯಿ ಮಗುವಿಗೆ ಹೊಟ್ಟೆನೋವು ಬಂದರೆ ತನ್ನ ತಾಯಿಯನ್ನೋ ನೆರೆಮನೆಯ ಮುದುಕಿಯನ್ನೋ ಕೇಳುತ್ತಿದ್ದಳು. 1924ರ ತಾಯಿ ಪುಸ್ತಕವನ್ನು ಕೇಳಲು ಕಲಿತಿದ್ದಳು. ನ್ಯೂಯಾರ್ಕಿನ ಶಿಶುವೈದ್ಯ ಎಮ್ಮೆಟ್ ಹೋಲ್ಟ್ 1894ರಲ್ಲಿ ಶಿಶುಗಳ ಆರೈಕೆ ಮತ್ತು ಆಹಾರವನ್ನು ಕುರಿತು ಪ್ರಶ್ನೋತ್ತರ ರೂಪದ ಪುಸ್ತಕವನ್ನು ಪ್ರಕಟಿಸಿದನು. ಅದು ಮುದ್ರಣದ ಮೇಲೆ ಮುದ್ರಣ ಕಂಡಿತು. ಅಮೆರಿಕಾ ಸರ್ಕಾರ 1912ರಲ್ಲಿ ಮಕ್ಕಳ ವಿಷಯಕ್ಕೇ ಒಂದು ಇಲಾಖೆಯನ್ನು ತೆರೆಯಿತು. ಅದು 1914ರಿಂದ ಶಿಶುಪಾಲನೆಯ ಕೈಪಿಡಿಯನ್ನು ಹಂಚಿತು. ಕುಡಿಯುವ ನೀರು ಹಾಲುಗಳ ಶುದ್ಧಿ ಮೊದಲಾದ ವಿಷಯಗಳಲ್ಲಿ ಇಂಥ ತಿಳಿವಳಿಕೆಯಿಂದ ಎಷ್ಟೋ ಕೂಸುಗಳು ಬದುಕಿದುವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಜೊತೆಯಲ್ಲೇ ಗಡಿಯಾರ ನೋಡಿ ಹಾಲುಣಿಸಬೇಕು, ಕೂಸನ್ನು ಹೆಚ್ಚಾಗಿ ಆಡಿಸಬಾರದು ಎಂಬ ಕಟ್ಟಳೆಗಳೂ ಬಂದುವು. ನಮ್ಮ ಪಠ್ಯದಲ್ಲಿ ಹೆಸರು ಬರುವ ವಾಟ್ಸನ್ ಮಹಾಶಯನು ಈ ಚಿತ್ರ ಬಂದ ನಾಲ್ಕು ವರ್ಷಗಳ ಮೇಲೆ, 1928ರಲ್ಲಿ, ಬರೆದ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಿ ಮುದ್ದಿಡಬಾರದು, ಬೆಳಗ್ಗೆ ಕೈಕುಲುಕಿದರೆ ಸಾಕು ಎಂಬಷ್ಟರವರೆಗೆ ಹೋದನು. ಇಂಥ ಕಾಲದಲ್ಲಿ ಮಕ್ಕಳ ಪಂಡಿತನನ್ನು ಇಬ್ಬರು ಮಕ್ಕಳ ಕೈಗೆ ಕೊಟ್ಟು ನೋಡಿದ ಈ ಚಿತ್ರ, ನಗುತ್ತಲೇ ಒಂದು ದೊಡ್ಡ ಪ್ರಶ್ನೆಯನ್ನು ಕೇಳಿತೆನ್ನಬೇಕು.

ಇಷ್ಟೆಲ್ಲ ಇದ್ದರೂ ಚಿತ್ರವನ್ನು ನೋಡುವಾಗ ಯಾರಿಗೂ ಇದು ಉಪದೇಶವೆನ್ನಿಸುವುದಿಲ್ಲ. ಬಿದ್ದು ಬಿದ್ದು ನಗುತ್ತೇವೆ. ನಗು ಹುಟ್ಟುವುದು ಹೇಗೆ? ನನಗೆ ಮೂರು ಕಾರಣಗಳು ತೋರುತ್ತವೆ.

ಮೊದಲನೆಯದು, ಸ್ಥಾನಪಲ್ಲಟ. ಆಳಬೇಕಾದವನು ಆಳಾಗುವುದನ್ನು, ಕಲಿಸಬೇಕಾದವನು ಕಲಿಯುವುದನ್ನು ಕಂಡರೆ ಮನುಷ್ಯ ಎಲ್ಲ ಕಾಲದಲ್ಲಿಯೂ ನಗುತ್ತಾನೆ. ಬಿದ್ದವನು ಸಾಮಾನ್ಯನಾದರೆ ಕನಿಕರ ಬರುತ್ತದೆ. ಪಂಡಿತನಾದರೆ ನಗು ಬರುತ್ತದೆ.

ಎರಡನೆಯದು, ಮಕ್ಕಳ ತರ್ಕ. ಬಜ್ ಟಾಡಿಯರು ದುಷ್ಟರಲ್ಲ. ಮಾವನಿಗೆ ತೊಂದರೆ ಕೊಡಬೇಕೆಂಬ ಎಣಿಕೆಯೇ ಅವರಿಗಿಲ್ಲ. ಗಡಿಯಾರದೊಳಗೆ ಏನೋ ತಿರುಗುತ್ತಿದೆ, ಅದನ್ನು ನೋಡಬೇಕು. ಇದು ವಿಜ್ಞಾನಿಯ ಕುತೂಹಲವಲ್ಲವೆ? ಗಡಿಯಾರವೆಂದರೆ ಮಾವನಿಗೆ ಬೆಲೆಬಾಳುವ ಒಡವೆ, ಮಕ್ಕಳಿಗೆ ತಿರುಗುವ ಚಕ್ರಗಳ ಪೆಟ್ಟಿಗೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಕೆಟ್ಟವರೇ ಇಲ್ಲದ ಜಗಳದಿಂದ ಹುಟ್ಟುವ ಹಾಸ್ಯವೇ ನಿರ್ಮಲವಾದ ಹಾಸ್ಯ.

ಮೂರನೆಯದು, ಅಭಿನಯ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾದಂಬರಿಯ ಹಾಸ್ಯದಲ್ಲಿ ಬಹುಭಾಗ ಮಕ್ಕಳ ತೊದಲುಮಾತಿನಲ್ಲಿದೆ. ಲೇಖಕ ಅವರ ಉಚ್ಚಾರಣೆಯನ್ನು ಹಾಗೆಹಾಗೆಯೇ ಬರೆದು ನಗಿಸುತ್ತಾನೆ. ಮೂಕಚಿತ್ರಕ್ಕೆ ಆ ಸೌಕರ್ಯವಿಲ್ಲ. ತೊದಲನ್ನು ಫಲಕದ ಮೇಲೆ ಎಷ್ಟೆಂದು ಬರೆಯಲಾದೀತು? ಕಿವಿಗೆ ಕೇಳಬೇಕಾದುದನ್ನು ಕಣ್ಣಿಗೆ ಕಾಣಿಸಬೇಕು. ಹಣೆಯ ಮೇಲೆ ನೇರವಾಗಿ ಕತ್ತರಿಸಿದ ಕೂದಲು, ಅದರ ಕೆಳಗೆ ದೊಡ್ಡ ಕಪ್ಪು ಕಣ್ಣುಗಳು. ಬೇಬಿ ಪೆಗ್ಗಿ ಆ ಕಣ್ಣುಗಳಿಂದಲೇ ಮಾತನಾಡುತ್ತಾಳೆ. ಅವಳಿಗೆ ಎದುರಾಗಿ ಹಾರ್ಟನ್. ಕೇಳಿದ ಮಾತಿಗೆ ಮೊದಲು ನಸುನಕ್ಕು ತಲೆದೂಗಿ, ಅರೆಗಳಿಗೆಯಾದ ಮೇಲೆ ಅದರ ಅರ್ಥ ಹೊಳೆದು ಬೆಚ್ಚಿಬೀಳುವ ಒಂದು ಬಗೆಯ ಅಭಿನಯಕ್ಕೆ ಆತ ಮುಂದೆ ವಾಕ್ಚಿತ್ರಗಳ ಕಾಲದಲ್ಲಿಯೂ ಹೆಸರಾದನು. ಪುಸ್ತಕದ ನಂಬಿಕೆ ಮುಖದಿಂದ ಜಾರಿ, ವಸ್ತುಸ್ಥಿತಿ ಮುಖಕ್ಕೆ ಬರುವ ಆ ಅರೆಗಳಿಗೆಯಲ್ಲಿಯೇ ಚಿತ್ರದ ತಿರುಳೆಲ್ಲ ಅಡಗಿದೆ.

ಓದಿದ ಮಾವನನ್ನು ನೋಡಿದ ಮೇಲೆ ಓದದ ತಂದೆಯೊಬ್ಬನನ್ನೂ ನೋಡುವುದು ಉಚಿತ. ಇದಕ್ಕೆ ಮೂರು ವರ್ಷ ಮೊದಲು, 1921ರಲ್ಲಿ, ಚಾರ್ಲಿ ಚಾಪ್ಲಿನ್ನನ ‘ದಿ ಕಿಡ್’ ಹೊರಬಂದಿತ್ತು. ಅದರಲ್ಲಿ ಕಸದ ನಡುವೆ ಸಿಕ್ಕಿದ ಕೂಸೊಂದು ಬೀದಿಯ ಅಲೆಮಾರಿಯ ಪಾಲಿಗೆ ಬರುತ್ತದೆ. ಅವನ ಬಳಿ ಪುಸ್ತಕವೂ ಇಲ್ಲ, ಹಣವೂ ಇಲ್ಲ. ಕಾಫಿಯ ಪಾತ್ರೆಯನ್ನು ದಾರಕ್ಕೆ ತೂಗುಹಾಕಿ ಅದನ್ನೇ ಹಾಲಿನ ಬಾಟಲಿ ಮಾಡುತ್ತಾನೆ. ಬಟ್ಟೆ ಹರಿದು ಲಂಗೋಟಿ ಕತ್ತರಿಸುತ್ತಾನೆ. ಕುರ್ಚಿಯ ನಡುವೆ ತೂತು ಕೊರೆದು ಮಗುವಿಗೆ ಬೇಕಾದ ಇನ್ನೊಂದು ಏರ್ಪಾಡನ್ನೂ ಮಾಡುತ್ತಾನೆ. ಕೂಸು ಐದು ವರ್ಷದ ಹುಡುಗನಾಗುತ್ತದೆ. ಹುಡುಗ ಕಲ್ಲೆಸೆದು ಜನರ ಕಿಟಕಿಯ ಗಾಜು ಒಡೆಯುತ್ತಾನೆ. ಅಲೆಮಾರಿ ಏನೂ ಅರಿಯದವನಂತೆ ಬಂದು ಹೊಸ ಗಾಜು ಕೂರಿಸಿ ಹಣ ಗಳಿಸುತ್ತಾನೆ! ಮಗುವನ್ನು ಅನಾಥಾಲಯಕ್ಕೆ ಒಯ್ಯಲು ಅಧಿಕಾರಿಗಳು ಬಂದಾಗ ಮಾತ್ರ ನಗು ನಿಂತುಹೋಗಿ ಗಂಟಲು ಕಟ್ಟುತ್ತದೆ. ಚಾಪ್ಲಿನ್ ತಾನೇ ಬಾಲ್ಯದಲ್ಲಿ ಲಂಡನ್ನಿನ ಬಡವರ ಆಶ್ರಯಗೃಹವನ್ನೂ ಅನಾಥ ಮಕ್ಕಳ ಶಾಲೆಯನ್ನೂ ಕಂಡವನು. ಈ ಚಿತ್ರಕ್ಕೆ ತೊಡಗುವ ಮುನ್ನ, 1919ರಲ್ಲಿ, ಅವನ ಚೊಚ್ಚಲ ಮಗು ಹುಟ್ಟಿ ಮೂರೇ ದಿನಗಳಲ್ಲಿ ತೀರಿಕೊಂಡಿತ್ತು.

ಹ್ಯಾರಿಗೂ ಅಲೆಮಾರಿಗೂ ಇರುವ ವ್ಯತ್ಯಾಸ ಓದಿನದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ನಿಜವಾಗಿ ನೋಡಿದರೆ ಇಬ್ಬರೂ ಒಂದೇ ಪಾಠವನ್ನು ಕಲಿತವರು. ಒಬ್ಬನು ಪುಸ್ತಕವನ್ನು ಕೆಳಗಿಟ್ಟು ಕಲಿತನು, ಇನ್ನೊಬ್ಬನಿಗೆ ಕೆಳಗಿಡಲು ಪುಸ್ತಕವೇ ಇರಲಿಲ್ಲ. ಮಗುವಿನ ಬಳಿ ಇರುವುದು, ಅದರ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡುವುದು, ತಪ್ಪಿದರೆ ಮತ್ತೆ ಮಾಡುವುದು: ಇಷ್ಟೇ ಆ ಪಾಠ. ಇಬ್ಬರೂ ಬಹಳ ತಪ್ಪುಗಳನ್ನು ಮಾಡುತ್ತಾರೆ; ಬಿಟ್ಟು ಓಡಿಹೋಗುವ ತಪ್ಪೊಂದನ್ನು ಮಾತ್ರ ಮಾಡುವುದಿಲ್ಲ.

ತೆರೆಯ ಮೇಲಿನ ಕಥೆ ಇಲ್ಲಿಗೆ ಮುಗಿಯಿತು. ತೆರೆಯ ಹಿಂದಿನ ಕಥೆಯನ್ನು ಹೇಳದಿದ್ದರೆ ಲೇಖನ ಅರ್ಧವಾಗುತ್ತದೆ.

‘ದಿ ಕಿಡ್’ ಚಿತ್ರದಲ್ಲಿ ಒಂದು ಸೊಗಸಾದ ದೃಶ್ಯವಿದೆ. ಅಲೆಮಾರಿ ಹಾಸಿಗೆಯಲ್ಲಿ ಮಲಗಿ ಪತ್ರಿಕೆ ಓದುತ್ತಿರುತ್ತಾನೆ. ಪುಟ್ಟ ಹುಡುಗ ಒಲೆಯ ಮುಂದೆ ನಿಂತು ತಿಂಡಿ ಬೇಯಿಸಿ, ಮನೆಯ ಹಿರಿಯನಂತೆ ಅವನನ್ನು ಏಳಿಸಿ ಬಡಿಸುತ್ತಾನೆ. ಯಾರು ಯಾರನ್ನು ಸಾಕುತ್ತಿದ್ದಾರೆಂದು ನಾವು ನಗುತ್ತೇವೆ. ಆ ಹುಡುಗ ಜ್ಯಾಕಿ ಕೂಗನ್. ಅವನ ಬಾಳಿನಲ್ಲಿ ಆ ದೃಶ್ಯವೇ ನಿಜವಾಯಿತು. ಬಾಲ್ಯದಲ್ಲಿ ಅವನು ಗಳಿಸಿದ ಹಣ ಮೂವತ್ತರಿಂದ ನಲವತ್ತು ಲಕ್ಷ ಡಾಲರುಗಳೆಂದು ಅಂದಾಜು. ಪ್ರಾಯಕ್ಕೆ ಬಂದು ಕೇಳಿದಾಗ ಅವನ ಪಾಲಿಗೆ ಅದು ಉಳಿದಿರಲಿಲ್ಲ. ಆಗಿನ ಕ್ಯಾಲಿಫೋರ್ನಿಯಾದ ಕಾನೂನಿನಂತೆ ಮಕ್ಕಳ ಗಳಿಕೆ ತಂದೆತಾಯಿಗಳಿಗೆ ಸೇರಿದ್ದು. 1938ರಲ್ಲಿ ಅವನು ತನ್ನ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದನು. ಕಡೆಗೆ ಕೈಗೆ ಬಂದುದು ಸುಮಾರು 1,26,000 ಡಾಲರು. ಈ ದಾವೆಯ ಗದ್ದಲದಿಂದ 1939ರಲ್ಲಿ ಬಾಲನಟರ ಗಳಿಕೆಯ ಒಂದು ಪಾಲನ್ನು ಅವರಿಗಾಗಿ ಕಾದಿಡುವ ಕಾನೂನು ಅಲ್ಲಿ ಜಾರಿಗೆ ಬಂದಿತು. ಅದಕ್ಕೆ ಇಂದಿಗೂ ಕೂಗನ್ನನ ಹೆಸರೇ ಇದೆ.

ನಮ್ಮ ಟಾಡಿಯ ಕಥೆ ಇದಕ್ಕಿಂತ ಬೇರೆಯಲ್ಲ. ಬೇಬಿ ಪೆಗ್ಗಿಯ ನಿಜವಾದ ಹೆಸರು ಪೆಗ್ಗಿ ಜೀನ್ ಮಾಂಟ್‌ಗೊಮರಿ. 1918ರ ಅಕ್ಟೋಬರ್ 29ರಂದು ಹುಟ್ಟಿದಳು. ತಂದೆ ಕುದುರೆ ಸವಾರಿಯಲ್ಲಿ ನಿಪುಣ. ಸಾಹಸದ ದೃಶ್ಯಗಳಲ್ಲಿ ನಾಯಕರಿಗೆ ಬದಲಾಗಿ ಕಾಣಿಸಿಕೊಳ್ಳುತ್ತಿದ್ದವನು. ತಾಯಿಯೊಡನೆ ಸ್ಟುಡಿಯೋ ನೋಡಲು ಬಂದ ಹತ್ತೊಂಬತ್ತು ತಿಂಗಳ ಕೂಸು, ಹೇಳಿದೊಡನೆ ಹೇಳಿದಂತೆ ಕೇಳುವುದನ್ನು ಕಂಡು ನಿರ್ದೇಶಕನೊಬ್ಬ ಅವಳನ್ನು ನಾಯಿಯೊಂದರ ಜೊತೆಗೆ ಅಭಿನಯಕ್ಕೆ ಹಚ್ಚಿದನು. ಮುಂದಿನ ಕೆಲವೇ ವರ್ಷಗಳಲ್ಲಿ ಅವಳು ಎಷ್ಟೋ ಕಿರುಚಿತ್ರಗಳ ತಾರೆಯಾದಳು. ಅವಳ ರೂಪದ ಬೊಂಬೆಗಳು ಅಂಗಡಿಗಳಿಗೆ ಬಂದುವು. ನಗು ಎಂದರೆ ನಗಬೇಕು, ಅಳು ಎಂದರೆ ಅಳಬೇಕು. ಇದೇ ಅವಳ ಶಾಲೆ. ಬೆಂಕಿ ಹತ್ತಿದ ಕೋಣೆಯಿಂದ ಒಬ್ಬಳೇ ಹೊರಬರಬೇಕಾದ ದೃಶ್ಯವನ್ನೂ ಮಾಡಿದುದಾಗಿ ಆಕೆ ಮುಂದೆ ಬರೆದಿದ್ದಾಳೆ. ‘ಹೆಲೆನ್ಸ್ ಬೇಬೀಸ್’ ತೆರೆಗೆ ಬಂದಾಗ ಅವಳಿಗೆ ಆರು ತುಂಬುವುದರಲ್ಲಿತ್ತು. ಮರುವರ್ಷವೇ, 1925ರಲ್ಲಿ, ಹಣದ ವಿಷಯದಲ್ಲಿ ತಂದೆಗೂ ನಿರ್ಮಾಪಕನಿಗೂ ಜಗಳವಾಗಿ ಅವಳ ಚಿತ್ರಜೀವನ ಮುಗಿದೇ ಹೋಯಿತೆನ್ನಬಹುದು. ಆ ಮೇಲೆ ಊರಿಂದೂರಿಗೆ ರಂಗಪ್ರದರ್ಶನ. ಗಳಿಸಿದ ಹಣವನ್ನು ದೊಡ್ಡವರು ನೀರಿನಂತೆ ಖರ್ಚುಮಾಡಿದರು. ಉಳಿದುದು 1929ರ ಆರ್ಥಿಕ ಕುಸಿತದಲ್ಲಿ ಹೋಯಿತು. ಹದಿಹರೆಯದಲ್ಲಿ ಅವಳು ಅದೇ ಹಾಲಿವುಡ್ಡಿಗೆ ಹಿಂದಿರುಗಿ, ಗುಂಪಿನಲ್ಲಿ ನಿಲ್ಲುವ ಹೆಸರಿಲ್ಲದ ಪಾತ್ರಗಳಿಗಾಗಿ ಕಾಯಬೇಕಾಯಿತು.

ಈಗ ಮತ್ತೆ ಚಿತ್ರವನ್ನು ನೆನೆಯಿರಿ. ತೆರೆಯ ಮೇಲೆ, ಮಕ್ಕಳನ್ನು ನೋಡಿಕೊಳ್ಳಲು ತಿಳಿಯದ ಮಾವನನ್ನು ನೋಡಿ ಜನ ನಗುತ್ತಿದ್ದಾರೆ. ತೆರೆಯ ಹಿಂದೆ, ಅವರನ್ನು ನಗಿಸುತ್ತಿರುವ ಮಗುವೇ ಒಂದು ಸಂಸಾರವನ್ನು ಸಾಕುತ್ತಿದೆ! ಹ್ಯಾರಿ ಅನುಭವವಿಲ್ಲದವನು; ಅವನಿಂದ ಮಕ್ಕಳಿಗೆ ಆದ ಕೇಡೇನೂ ಇಲ್ಲ. ಕೇಡಾದುದು ಮಕ್ಕಳ ವಿಷಯವೆಲ್ಲ ತಮಗೆ ತಿಳಿದಿದೆಯೆಂದು ನಂಬಿದ್ದವರಿಂದ. ಮಗು ಹೇಳಿದಂತೆ ಕೇಳುತ್ತದೆಂಬುದನ್ನೇ ಅದರ ಸುಖವೆಂದು ಎಣಿಸಿದವರಿಂದ. ತಿಳಿಯದವನ ತಪ್ಪಿಗೆ ಮದ್ದಿದೆ, ಅವನು ಕಲಿಯುತ್ತಾನೆ. ಮಗುವನ್ನು ನೋಡುವುದನ್ನೇ ಬಿಟ್ಟವನ ತಪ್ಪಿಗೆ ಕಾನೂನೇ ಬರಬೇಕು.

ಕಾನೂನು ನಮ್ಮ ದೇಶದಲ್ಲಿಯೂ ಬಂದಿದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯನ್ನು ಅನುಸರಿಸಿ 2017ರಲ್ಲಿ ಹೊರಟ ನಿಯಮಗಳಂತೆ ಬಾಲಕಲಾವಿದರು ದಿನಕ್ಕೆ 5 ಗಂಟೆಗಳಿಗಿಂತ ಹೆಚ್ಚು ದುಡಿಯಕೂಡದು. ವಿಶ್ರಾಂತಿಯಿಲ್ಲದೆ 3 ಗಂಟೆ ಮೀರಕೂಡದು. ಅವರ ಗಳಿಕೆಯಲ್ಲಿ ಕಡೆಯಪಕ್ಷ ಶೇಕಡ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲಿ ಠೇವಣಿಯಿಡಬೇಕು. ಚಿತ್ರದಲ್ಲಿಯೋ ಧಾರಾವಾಹಿಯಲ್ಲಿಯೋ ಪುಟ್ಟ ಮಗುವೊಂದು ನಮ್ಮನ್ನು ನಗಿಸಿದಾಗ, ಈ ನಿಯಮಗಳನ್ನು ಒಮ್ಮೆ ನೆನೆಯುವುದು ಪ್ರೇಕ್ಷಕರಾದ ನಮ್ಮ ಕರ್ತವ್ಯವೆಂದು ನಾನು ತಿಳಿದಿದ್ದೇನೆ.

ಪೆಗ್ಗಿಯ ಕಥೆ ದುಃಖದಲ್ಲಿ ಮುಗಿಯಲಿಲ್ಲವೆಂಬುದು ಸಂತೋಷದ ವಿಷಯ. ಆಕೆ ಡಯಾನಾ ಸೆರಾ ಕೇರಿ ಎಂಬ ಹೆಸರಿನಿಂದ ಗ್ರಂಥಕರ್ತೆಯಾದಳು. ಬಾಲನಟರ ಚರಿತ್ರೆಯನ್ನು 1979ರಲ್ಲಿ, ತನ್ನ ಆತ್ಮಕಥೆಯನ್ನು 1996ರಲ್ಲಿ, ಜ್ಯಾಕಿ ಕೂಗನ್ನನ ಜೀವನಚರಿತ್ರೆಯನ್ನು 2003ರಲ್ಲಿ ಪ್ರಕಟಿಸಿದಳು. ಮಾವ ಹ್ಯಾರಿ ಮಕ್ಕಳನ್ನು ಕಾಣದೆ ಮಕ್ಕಳ ಪುಸ್ತಕ ಬರೆದನು. ಅವನ ಸೊಸೆಯಾಗಿ ನಟಿಸಿದ ಹುಡುಗಿ ಬಾಲ್ಯವನ್ನೇ ತೆತ್ತು, ಅನುಭವದಿಂದ ಬರೆದಳು. 2020ರ ಫೆಬ್ರವರಿ 24ರಂದು, ನೂರೊಂದು ವರ್ಷ ತುಂಬಿ ಬದುಕಿದ ಆಕೆ ತೀರಿಕೊಂಡಳು. ಅವಳ ಕಿರುಚಿತ್ರಗಳಲ್ಲಿ ಬಹುಪಾಲು ಇಂದು ಇಲ್ಲ. ಅಮೆರಿಕಾದ ಕಾಂಗ್ರೆಸ್ ಗ್ರಂಥಾಲಯ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ತಯಾರಾದ ಸುಮಾರು 11,000 ಪೂರ್ಣಪ್ರಮಾಣದ ಮೂಕಚಿತ್ರಗಳಲ್ಲಿ ಮೂಲರೂಪದಲ್ಲಿ ಇಡಿಯಾಗಿ ಉಳಿದಿರುವುವು ಶೇಕಡ 14 ಮಾತ್ರ. ‘ಹೆಲೆನ್ಸ್ ಬೇಬೀಸ್’ ನಾಶವಾಗದೆ ನಮ್ಮ ಕಾಲದವರೆಗೆ ಉಳಿದು ಬಂದುದು ನಮ್ಮ ಭಾಗ್ಯ.

ಒಟ್ಟಿನಲ್ಲಿ, ಓದು ಬೇಡವೆಂದು ಈ ಚಿತ್ರ ಹೇಳುವುದಿಲ್ಲ. ಹಾಗೆಂದು ಪರೀಕ್ಷೆಯ ಮುಂದೆ ಯಾರೂ ನೆಪ ಹೂಡಬೇಕಾಗಿಲ್ಲ! ಪುಸ್ತಕದಲ್ಲಿರುವುದು ‘ಮಕ್ಕಳು’; ನಮ್ಮ ಎದುರಿಗೆ ಬಂದು ನಿಲ್ಲುವುದು ಒಂದು ಮಗು. ಒಂದರಿಂದ ಇನ್ನೊಂದಕ್ಕೆ ಇರುವ ದೂರವನ್ನು ನಡೆದೇ ಮುಗಿಸಬೇಕು. ನಮ್ಮಲ್ಲಿ ಅನೇಕರು ಮುಂದೆ ಉಪಾಧ್ಯಾಯರಾಗುವವರು. ಎಲ್ಲರೂ ಒಂದಲ್ಲ ಒಂದು ಮಗುವಿಗೆ ಮಾವನೋ ಅತ್ತೆಯೋ ಚಿಕ್ಕಪ್ಪನೋ ದೊಡ್ಡಮ್ಮನೋ ಆಗುವವರು. ಹ್ಯಾರಿಯ ಪರೀಕ್ಷೆ ನಮಗೂ ಕಾದಿದೆ.

ದಸರಾ ರಜೆಯಲ್ಲಿ ಅಕ್ಕನ ಮಕ್ಕಳು ಮತ್ತೆ ಬಂದಿದ್ದರು. ಈ ಸಲ ನಾನು ಟಿಪ್ಪಣಿಗಳನ್ನು ಬೀರುವಿನ ಮೇಲಿಟ್ಟು, ಹಳೆಯ ವೃತ್ತಪತ್ರಿಕೆಗಳ ಕಟ್ಟೊಂದನ್ನು ಕೆಳಕ್ಕೆ ತಂದು ಅವರ ಜೊತೆ ನೆಲದ ಮೇಲೆ ಕುಳಿತೆ. ದೋಣಿಯ ಮೂತಿ ಮುಳುಗದಂತೆ ಮಡಿಸುವ ಬಗೆಯನ್ನು ಚಿಕ್ಕವಳು ನನಗೆ ಎರಡು ಸಲ ತೋರಿಸಿಕೊಟ್ಟಳು. ಮೂರನೆಯ ಸಲಕ್ಕೆ ನನಗೂ ಬಂದಿತು.